ಪುಟ ತೆರೆದಿದೆ, ಕೆಲಸ ಮಾತ್ರ ಆಗುತ್ತಿಲ್ಲ: ವೆಬ್ ಆ್ಯಪ್ ಇಂಟರ್‌ಫೇಸಿನ ದೋಷ ನಿವಾರಣೆ ಕೈಪಿಡಿ

ಅರ್ಜಿ ತುಂಬುವುದು, ಟಿಕೆಟ್ ಕಾಯ್ದಿರಿಸುವುದು, ನಕ್ಷೆಯನ್ನು ಬೆರಳಲ್ಲಿ ಎಳೆದು ನೋಡುವುದು ಎಲ್ಲವೂ ಈಗ ಬ್ರೌಸರಿನೊಳಗೇ, ಪುಟ ಮತ್ತೆ ಲೋಡ್ ಆಗದೆಯೇ ನಡೆಯುತ್ತದೆ. ಇಂಥ ಆ್ಯಪ್‌ಗಳಿಗೆ 2002ರಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ‘ರಿಚ್ ಇಂಟರ್ನೆಟ್ ಅಪ್ಲಿಕೇಶನ್’ ಎಂದು ಹೆಸರಿಟ್ಟಿತು. ಅಂದು ಫ್ಲ್ಯಾಶ್ ಎಂಬ ಬ್ರೌಸರ್ ಪ್ಲಗಿನ್ ಮಾಡುತ್ತಿದ್ದ ಕೆಲಸವನ್ನು ಇಂದು ಜಾವಾಸ್ಕ್ರಿಪ್ಟ್ ಮಾಡುತ್ತಿದೆ. ದೋಷ ಸರ್ವರಿನಲ್ಲಿರಲಿ, ನೆಟ್‌ವರ್ಕಿನಲ್ಲಿರಲಿ, ಫಾಂಟಿನಲ್ಲಿರಲಿ, ಬಳಸುವವರು ಹೇಳುವುದು ಒಂದೇ ಮಾತು: “ಆಗ್ತಾ ಇಲ್ಲ.” ಆ ಮಾತಿನಿಂದ ಮೂಲ ಕಾರಣದವರೆಗೆ ಹೋಗುವ ದಾರಿ ಇಲ್ಲಿದೆ. ಕನ್ನಡದಲ್ಲಿ ಕೆಲಸ ಮಾಡುವ ಇಂಟರ್‌ಫೇಸುಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಇಂಗ್ಲಿಷಿನಲ್ಲಷ್ಟೇ ಪರೀಕ್ಷೆಯಾದ ಆ್ಯಪ್ ಕನ್ನಡ ಕಂಡ ಕೂಡಲೇ ಎಡವುವ ಜಾಗಗಳು ಹೆಚ್ಚೂಕಡಿಮೆ ಎಲ್ಲ ಕಡೆ ಅವೇ ಆಗಿರುತ್ತವೆ.

ಕೈ ಹಾಕುವ ಮುನ್ನ

ಮೊದಲ ಮೂರು ಪರೀಕ್ಷೆಗೆ ಕಾಸೂ ಬೇಡ, ಕೋಡೂ ಬೇಡ. ಪುಟವನ್ನು ಖಾಸಗಿ ಕಿಟಕಿಯಲ್ಲಿ, ಅಂದರೆ ಇನ್‌ಕಾಗ್ನಿಟೋದಲ್ಲಿ ತೆರೆಯಿರಿ. ಅಲ್ಲಿ ಸರಿ ಇದ್ದರೆ ದೋಷ ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪ್ರತಿ), ಕುಕಿ ಅಥವಾ ಎಕ್ಸ್‌ಟೆನ್ಷನ್ನಿನದು. ಇನ್ನೊಂದು ಬ್ರೌಸರಿನಲ್ಲಿ ತೆರೆಯಿರಿ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಇಷ್ಟು ಮಾಡಿದರೆ ಹುಡುಕಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಆಮೇಲೆ ಎಫ್12 ಒತ್ತಿ, ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆಯುತ್ತದೆ. ಕನ್ಸೋಲ್ ಟ್ಯಾಬಿನಲ್ಲಿ ಕಾಣುವ ಮೊದಲ ಕೆಂಪು ಸಾಲನ್ನು ಓದಿ. ಕೊನೆಯ ಸಾಲಿನಿಂದ ಶುರು ಮಾಡಬೇಡಿ. ಕೆಳಗಿನವು ಸಾಮಾನ್ಯವಾಗಿ ಮೊದಲನೆಯದರ ಪರಿಣಾಮಗಳು. ನೆಟ್‌ವರ್ಕ್ ಟ್ಯಾಬನ್ನು ತೆರೆದಿಟ್ಟುಕೊಂಡೇ ಪುಟವನ್ನು ಮತ್ತೆ ಲೋಡ್ ಮಾಡಿ.

ಎಚ್ಚರಿಕೆಗಳು ನಾಲ್ಕು. ‘ಕ್ಲಿಯರ್ ಸೈಟ್ ಡೇಟಾ’ ಒತ್ತಿದರೆ ಸರ್ವರಿಗೆ ಇನ್ನೂ ಹೋಗದ ಕರಡುಗಳೂ ಅಳಿಸಿಹೋಗುತ್ತವೆ. ಆಫ್‌ಲೈನ್ ಕೆಲಸ ಮಾಡುವ ಆ್ಯಪ್ ಆದರೆ ಮೊದಲು ಬಳಕೆದಾರರನ್ನು ಕೇಳಿ, ಆಮೇಲೆ ಒತ್ತಿ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕೋಡನ್ನು ಕನ್ಸೋಲಿಗೆ ಅಂಟಿಸಬೇಡಿ, ಲಾಗಿನ್ ಕದಿಯುವ ಹಳೆಯ ದಾರಿ ಅದು. ನೆಟ್‌ವರ್ಕ್ ಟ್ಯಾಬಿನಿಂದ ಉಳಿಸುವ ಎಚ್‌ಎಆರ್ ಕಡತದಲ್ಲಿ ಕುಕಿ, ಟೋಕನ್, ಕೆಲವೊಮ್ಮೆ ಪಾಸ್‌ವರ್ಡ್ ಕೂಡ ಇರಬಹುದು. ಅವನ್ನು ಅಳಿಸದೆ ಕಡತವನ್ನು ಯಾರಿಗೂ ಕಳಿಸಬೇಡಿ. ಹಣ ಪಾವತಿಯ ದೋಷವನ್ನು ನಿಜವಾದ ಖಾತೆಯಲ್ಲಿ ಮತ್ತೆ ಮತ್ತೆ ಮಾಡಿ ಪರೀಕ್ಷಿಸಬೇಡಿ.

ಲಕ್ಷಣ: ತೆರೆ ಪೂರ್ತಿ ಬಿಳಿ

ನೆಟ್‌ವರ್ಕ್ ಟ್ಯಾಬಿನಲ್ಲಿ ಮೊದಲ ಸಾಲು, ಅಂದರೆ ಎಚ್‌ಟಿಎಂಎಲ್ ಕಡತ, 200 (ಸರಿಯಾಗಿ ಸಿಕ್ಕಿದೆ) ಎಂದು ಬಂದಿದೆಯೇ ನೋಡಿ. 500 ಅಥವಾ 502 ಇದ್ದರೆ ಇಂಟರ್‌ಫೇಸನ್ನು ಮುಟ್ಟಬೇಡಿ, ಅದು ಸರ್ವರ್ ನೋಡಿಕೊಳ್ಳುವವರ ಕೆಲಸ. 200 ಬಂದೂ ಬಿಳಿಯಾಗಿದ್ದರೆ ಕನ್ಸೋಲ್ ಏನು ಹೇಳುತ್ತದೆ ಎಂಬುದರ ಮೇಲೆ ಮುಂದಿನ ದಾರಿ.

‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ <’ ಎಂಬ ತಪ್ಪು ಕಂಡರೆ ಕಾರಣ ಬಹುಪಾಲು ಖಚಿತ. ಬ್ರೌಸರ್ ಜಾವಾಸ್ಕ್ರಿಪ್ಟ್ ಕೇಳಿದೆ, ಸರ್ವರ್ ಎಚ್‌ಟಿಎಂಎಲ್ ಕೊಟ್ಟಿದೆ. ‘<’ ಎಂಬುದು ಆ ಎಚ್‌ಟಿಎಂಎಲ್‌ನ ಮೊದಲ ಅಕ್ಷರ. ಏಕಪುಟ ಆ್ಯಪ್‌ಗಳ ಸರ್ವರಿನಲ್ಲಿ “ಯಾವ ವಿಳಾಸ ಸಿಗದಿದ್ದರೂ ಇಂಡೆಕ್ಸ್ ಪುಟ ಕೊಡು” ಎಂಬ ನಿಯಮ ಇರುತ್ತದೆ. ಕಾಣೆಯಾದ ಸ್ಕ್ರಿಪ್ಟ್ ಕಡತಕ್ಕೂ ಅದೇ ನಿಯಮ ಅನ್ವಯವಾಗಿ, 404 (ಕಡತ ಸಿಗಲಿಲ್ಲ) ಬರಬೇಕಾದ ಕಡೆ 200 ಬರುತ್ತದೆ. ಮಾಡ್ಯೂಲ್ ಸ್ಕ್ರಿಪ್ಟ್ ಆದರೆ ಇದೇ ದೋಷ ಮೈಮ್ ಟೈಪ್ (ಕಡತದ ಬಗೆ) ತಪ್ಪಾಗಿದೆ ಎಂಬ ಸಂದೇಶವಾಗಿ ಕಾಣುತ್ತದೆ. ಆ ಸಾಲಿನ ಮೇಲೆ ಒತ್ತಿ, ‘ರೆಸ್ಪಾನ್ಸ್’ ಭಾಗ ನೋಡಿದರೆ ಕಣ್ಣಿಗೇ ಕಾಣುತ್ತದೆ.

ಕಡತ ಕಾಣೆಯಾಗುವುದು ಹೇಗೆ? ಕೋಡು ಬದಲಿಸಿ ಬಿಲ್ಡ್ ಮಾಡಿದಾಗಲೆಲ್ಲ ಬದಲಾದ ಕಡತದ ಹೆಸರಿನಲ್ಲಿ ಹೊಸ ಹ್ಯಾಶ್ (ಗುರುತಿನ ಅಕ್ಷರ, ಅಂಕಿಗಳು) ಬರುತ್ತದೆ. ಬೆಳಿಗ್ಗೆ 10 ಗಂಟೆಗೆ ಟ್ಯಾಬ್ ತೆರೆದವರ ಕೈಯಲ್ಲಿರುವುದು ಹಳೆಯ ಹೆಸರುಗಳ ಪಟ್ಟಿ. ಮಧ್ಯಾಹ್ನ ನೀವು ಹೊಸ ಬಿಲ್ಡನ್ನು ಸರ್ವರಿಗೆ ಹಾಕಿ (ಡಿಪ್ಲಾಯ್ ಮಾಡಿ) ಹಳೆಯ ಕಡತಗಳನ್ನು ಅಳಿಸಿದ ಮೇಲೆ, ಅವರು ಇನ್ನೊಂದು ಮೆನು ಒತ್ತಿದರೆ ಆ ಹೆಸರಿನ ಕಡತ ಸರ್ವರಿನಲ್ಲಿ ಇರುವುದಿಲ್ಲ. ತಂಡದವರ ಯಂತ್ರಗಳಲ್ಲಿ ಈ ದೋಷ ಕಾಣಿಸುವುದೇ ಇಲ್ಲ, ಅವರು ದಿನಕ್ಕೆ ಹತ್ತು ಸಲ ರಿಫ್ರೆಶ್ ಮಾಡುತ್ತಾರಲ್ಲ. ಪರಿಹಾರ ನಾಲ್ಕು ಹಂತದ್ದು: ಹಳೆಯ ಬಿಲ್ಡಿನ ಕಡತಗಳನ್ನು ಕೆಲವು ದಿನ ಸರ್ವರಿನಲ್ಲೇ ಉಳಿಸಿ, ಇಂಡೆಕ್ಸ್ ಪುಟಕ್ಕೆ ‘ನೋ-ಕ್ಯಾಶ್’ ಹೆಡರ್ ಹಾಕಿ, ಹ್ಯಾಶ್ ಇರುವ ಕಡತಗಳಿಗೆ ಮಾತ್ರ ದೀರ್ಘ ಕ್ಯಾಶ್ ಕೊಡಿ, ಕಡತ ಲೋಡ್ ಆಗದಿದ್ದರೆ ಪುಟವನ್ನು ಒಂದೇ ಒಂದು ಸಲ ತಾನಾಗಿ ರಿಫ್ರೆಶ್ ಮಾಡಿಸಿ. ಆ ‘ಒಂದೇ ಸಲ’ ಎಂಬುದಕ್ಕೆ ಗುರುತು ಇಟ್ಟುಕೊಳ್ಳದಿದ್ದರೆ ಪುಟ ಕೊನೆಯಿಲ್ಲದೆ ರಿಫ್ರೆಶ್ ಆಗುತ್ತಲೇ ಇರುತ್ತದೆ.

ಕಡತಗಳೆಲ್ಲ ಬಂದು, ‘ಅನ್‌ಡಿಫೈನ್ಡ್’ನ ಗುಣ ಓದಲಾಗದು ಎಂಬ ತಪ್ಪು ಇದ್ದರೆ, ಸರ್ವರ್ ಕಳಿಸಿದ ಮಾಹಿತಿಯಲ್ಲಿ ನೀವು ಎದುರು ನೋಡಿದ ಯಾವುದೋ ಅಂಶ ಇಲ್ಲ. ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ 16ನೇ ಆವೃತ್ತಿಯಿಂದ ಈಚೆಗೆ, ಒಂದು ಸಣ್ಣ ಕಾಂಪೊನೆಂಟ್ (ತೆರೆಯ ಒಂದು ಭಾಗ) ಚಿತ್ರಿಸುವಾಗ ಮುರಿದು ಬಿದ್ದರೂ, ತಪ್ಪನ್ನು ಅಲ್ಲೇ ತಡೆಯುವ ಎರರ್ ಬೌಂಡರಿ ಇಲ್ಲದಿದ್ದರೆ ಇಡೀ ತೆರೆ ಖಾಲಿಯಾಗುತ್ತದೆ. ಮೆನು, ಪಟ್ಟಿ, ಫಾರ್ಮು ಇವುಗಳಿಗೆ ಬೇರೆ ಬೇರೆ ಬೌಂಡರಿ ಹಾಕಿ. ಪಟ್ಟಿ ಕೆಟ್ಟರೂ ಮೆನು ಉಳಿಯಲಿ.

ಮುಖಪುಟದಿಂದ ಹೋದರೆ ಸರಿ, ಒಳಪುಟದಲ್ಲಿ ರಿಫ್ರೆಶ್ ಮಾಡಿದರೆ 404 ಎಂಬುದಾದರೆ ಇಂಡೆಕ್ಸ್ ಪುಟ ಕೊಡುವ ಮೇಲಿನ ನಿಯಮವೇ ಸರ್ವರಿನಲ್ಲಿ ಇಲ್ಲ. ವಿಳಾಸಗಳಿಗೆ ಅದನ್ನು ಸೇರಿಸಿ, ಸ್ಕ್ರಿಪ್ಟ್ ಮತ್ತು ಚಿತ್ರಗಳ ಫೋಲ್ಡರಿಗೆ ಮಾತ್ರ ಬೇಡ.

ಲಕ್ಷಣ: ಹೊಸದು ಹಾಕಿದರೂ ಹಳೆಯದೇ ಕಾಣುತ್ತದೆ

ಖಾಸಗಿ ಕಿಟಕಿಯಲ್ಲಿ ಹೊಸದು, ಮಾಮೂಲಿ ಕಿಟಕಿಯಲ್ಲಿ ಹಳೆಯದು ಎಂದರೆ ಪುಟದ ಹಿಂದೆ ಓಡುತ್ತ ಕ್ಯಾಶ್ ನೋಡಿಕೊಳ್ಳುವ ಸ್ಕ್ರಿಪ್ಟ್ ಆದ ಸರ್ವೀಸ್ ವರ್ಕರ್ ಅನ್ನು ಮೊದಲು ಅನುಮಾನಿಸಿ. ಡೆವಲಪರ್ ಟೂಲ್ಸ್‌ನ ಅಪ್ಲಿಕೇಶನ್ ಟ್ಯಾಬಿನಲ್ಲಿ ‘ವೇಟಿಂಗ್’ ಎಂದು ಒಂದು ಕಾದು ಕುಳಿತಿದ್ದರೆ ರೋಗ ಖಚಿತ. ಹಳೆಯ ವರ್ಕರ್ ಹಿಡಿದಿರುವ ಎಲ್ಲ ಟ್ಯಾಬು ಮುಚ್ಚುವವರೆಗೆ ಹೊಸದು ಅಧಿಕಾರಕ್ಕೆ ಬರುವುದಿಲ್ಲ. ಬರೀ ರಿಫ್ರೆಶ್ ಸಾಲದು. ‘ಸ್ಕಿಪ್ ವೇಟಿಂಗ್’ ಹಾಕಿ ಬಲವಂತವಾಗಿ ಬದಲಿಸಬಹುದು, ಆದರೆ ಅರ್ಧ ತುಂಬಿದ ಫಾರ್ಮಿನ ಕೆಳಗೆ ಕೋಡು ಬದಲಾಗುವ ಅಪಾಯವಿದೆ. “ಹೊಸ ಆವೃತ್ತಿ ಬಂದಿದೆ, ಈಗ ಬದಲಿಸಲೇ?” ಎಂದು ಕೇಳುವುದು ಮೇಲು.

ಲಕ್ಷಣ: ಕನ್ನಡ ಟೈಪ್ ಮಾಡಿದರೆ ಅಕ್ಷರ ಚೆಲ್ಲಾಪಿಲ್ಲಿ

ಇಂಗ್ಲಿಷಿನಲ್ಲಿ ಸರಿ. ಕನ್ನಡ ಕೀಬೋರ್ಡಿಗೆ ಬದಲಾಯಿಸಿದರೆ ಒಂದೇ ಅಕ್ಷರ ಎರಡೆರಡು ಬೀಳುತ್ತದೆ, ಒತ್ತು ಕೂಡುವುದಿಲ್ಲ, ಅಥವಾ ಕರ್ಸರ್ ಜಿಗಿಯುತ್ತದೆ.

ಮೊದಲು ಅದೇ ಕೀಬೋರ್ಡಿನಲ್ಲಿ ಬ್ರೌಸರಿನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಟೈಪ್ ಮಾಡಿ. ಅಲ್ಲೂ ಕೆಟ್ಟರೆ ದೋಷ ಕೀಬೋರ್ಡಿನದು. ಅಲ್ಲಿ ಸರಿ ಇದ್ದರೆ ನಿಮ್ಮ ಪುಟದಲ್ಲಿ ಟೈಪ್ ಮಾಡುವ ಪೆಟ್ಟಿಗೆಯದು. ಲಿಪ್ಯಂತರಣದ ಕೀಬೋರ್ಡಿನಲ್ಲಿ ಅಕ್ಷರ ಒಂದೇ ಏಟಿಗೆ ಬರುವುದಿಲ್ಲ. ಅಡಿಗೆರೆಯ ಮೇಲೆ ಕಟ್ಟಿಕೊಳ್ಳುತ್ತ, ಕೊನೆಗೆ ಖಚಿತವಾಗುತ್ತದೆ. ಈ ಅವಧಿಗೆ ಕಂಪೊಸಿಷನ್ ಎನ್ನುತ್ತಾರೆ. ಇದರ ನಡುವೆ ನಿಮ್ಮ ಕೋಡು ಪೆಟ್ಟಿಗೆಯ ಮೌಲ್ಯವನ್ನು ತಿದ್ದಿ ಮತ್ತೆ ಬರೆದರೆ, ಉದಾಹರಣೆಗೆ ಖಾಲಿ ಜಾಗ ಕತ್ತರಿಸಿದರೆ ಅಥವಾ ಬೇಡದ ಅಕ್ಷರ ಸೋಸಿದರೆ, ಕಟ್ಟುತ್ತಿದ್ದ ಅಕ್ಷರ ಅಲ್ಲೇ ಮುರಿಯುತ್ತದೆ. ‘ಕಂಪೊಸಿಷನ್ ಎಂಡ್’ ಘಟನೆ ಬರುವವರೆಗೆ ಮೌಲ್ಯವನ್ನು ಮುಟ್ಟಬೇಡಿ. ಸೋಸುವುದಿದ್ದರೆ ಪೆಟ್ಟಿಗೆ ಬಿಟ್ಟು ಹೊರಟಾಗ ಸೋಸಿ.

ಕೀಡೌನ್ ಘಟನೆಯನ್ನು (ಯಾವ ಕೀ ಒತ್ತಿದರು ಎಂಬ ಸೂಚನೆ) ನಂಬಿ ಬರೆದ ಕೋಡು ಆಂಡ್ರಾಯ್ಡಿನಲ್ಲಿ ಬೀಳಲು ಕಾರಣವೂ ಇದೇ. ಅಲ್ಲಿ ಯಾವ ಕೀ ಒತ್ತಿದರೂ ಬಹಳ ಸಲ 229 ಎಂಬ ಒಂದೇ ಸಂಖ್ಯೆ ಬರುತ್ತದೆ. ಇನ್‌ಪುಟ್ ಘಟನೆಯನ್ನು ಬಳಸಿ. ಎಂಟರ್ ಒತ್ತಿದರೆ ಸಂದೇಶ ಹೋಗುವ ಚಾಟ್ ಪೆಟ್ಟಿಗೆಯಾದರೆ ‘ಈಸ್ ಕಂಪೋಸಿಂಗ್’ (ಅಕ್ಷರ ಇನ್ನೂ ಕಟ್ಟುತ್ತಿದೆ) ನಿಜವಾಗಿರುವಾಗ ಕಳಿಸಬೇಡಿ. ಪದ ಆಯ್ದುಕೊಳ್ಳಲು ಒತ್ತಿದ ಎಂಟರ್, ಅರ್ಧ ವಾಕ್ಯವನ್ನೇ ಕಳಿಸಿಬಿಡುತ್ತದೆ.

ಟೈಪ್ ಆಗುತ್ತದೆ, ಆದರೆ “ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಲಿ” ಎಂದು ಫಾರ್ಮು ತಿರಸ್ಕರಿಸುತ್ತದೆ. ‘ಮಂಜುನಾಥ’ ಎಂಬ ಹೆಸರನ್ನು ಬಿಡಿಸಿ ನೋಡಿ: ಮ, ಅನುಸ್ವಾರ, ಜ, ಕೊಂಬು, ನ, ಇಳಿ, ಥ. ಒಟ್ಟು 7 ಸಂಕೇತ. ಯೂನಿಕೋಡಿನಲ್ಲಿ ಮ, ಜ, ನ, ಥ ಈ ನಾಲ್ಕು ಮಾತ್ರ ‘ಅಕ್ಷರ’ (ಎಲ್) ವರ್ಗ. ಅನುಸ್ವಾರ, ಕೊಂಬು, ಇಳಿ ಮೂರೂ ‘ಚಿಹ್ನೆ’ (ಎಂ) ವರ್ಗ. “ಯಾವ ಭಾಷೆಯ ಅಕ್ಷರವಾದರೂ ಸರಿ” ಎಂದು ಉದಾರವಾಗಿ ಬರೆದ ರೆಗೆಕ್ಸ್ (ಪಠ್ಯವನ್ನು ಪರೀಕ್ಷಿಸುವ ಮಾದರಿ) ಕೂಡ ಎಲ್ ವರ್ಗವನ್ನಷ್ಟೇ ಒಪ್ಪಿದರೆ ಮಂಜುನಾಥರನ್ನು ಬಾಗಿಲಲ್ಲೇ ತಡೆಯುತ್ತದೆ. ಎಲ್ ಜೊತೆಗೆ ಎಂ ವರ್ಗವನ್ನೂ, ‘ಸಾಫ್ಟ್‌ವೇರ್’ನಂಥ ಪದಗಳೊಳಗೆ ಕಾಣದಂತೆ ಕೂತು ಅಕ್ಷರ ಕೂಡದಂತೆ ತಡೆಯುವ ಶೂನ್ಯ ಅಗಲದ ಬಿಡಿಕೆ ಚಿಹ್ನೆಯನ್ನೂ ಸೇರಿಸಿ. ರೆಗೆಕ್ಸಿಗೆ ‘ಯು’ ಫ್ಲ್ಯಾಗ್ ಹಾಕುವುದನ್ನು ಮರೆಯಬೇಡಿ. ಸ್ವಂತ ಹೆಸರನ್ನು ಸ್ವಂತ ಲಿಪಿಯಲ್ಲಿ ಬರೆದವರಿಗೆ ತಪ್ಪು ಎಂದು ಹೇಳುವ ಫಾರ್ಮು ಗಂಭೀರ ದೋಷದ ಫಾರ್ಮು. ಇದನ್ನು ಪಟ್ಟಿಯ ಕೊನೆಗೆ ತಳ್ಳಬೇಡಿ.

ಉದ್ದದ ಮಿತಿಯೂ ಹೀಗೇ ಕೈಕೊಡುತ್ತದೆ. ‘ಶ್ರೀನಿವಾಸಪುರ’ ಕಣ್ಣಿಗೆ 6 ಅಕ್ಷರ, ‘ಮ್ಯಾಕ್ಸ್‌ಲೆಂತ್’ (ಪೆಟ್ಟಿಗೆಯ ಉದ್ದದ ಮಿತಿ) ಎಣಿಕೆಯಲ್ಲಿ 12, ಬರಹವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 36 ಬೈಟ್. ಬೈಟ್‌ಗಳಲ್ಲಿ ಎಣಿಸುವ ಡೇಟಾಬೇಸ್ ಕಾಲಮಿಗೆ 30ರ ಮಿತಿ ಇಟ್ಟರೆ ಊರಿನ ಹೆಸರು ಪೂರ್ತಿ ಕೂರುವುದಿಲ್ಲ. ಮೂರು ಕಡೆಯ ಮಿತಿಯನ್ನೂ ಒಟ್ಟಿಗೆ ನೋಡಿ: ಪೆಟ್ಟಿಗೆ, ಸರ್ವರ್, ಕಾಲಮ್. ಹೆಸರಿನ ಮೊದಲಕ್ಷರವನ್ನು ವೃತ್ತದಲ್ಲಿ ತೋರಿಸುವ ಕೋಡು ‘ಶ್ರೀ’ ಬದಲು ಬರೀ ‘ಶ’ ತೋರಿಸುವುದೂ, ಪಟ್ಟಿಯಲ್ಲಿ 20 ಸಂಕೇತಕ್ಕೆ ಕತ್ತರಿಸಿದ ಸಾಲಿನ ಕೊನೆಯಲ್ಲಿ ಅರ್ಧಾಕ್ಷರ ನೇತಾಡುವುದೂ ಈ ಎಣಿಕೆಯಿಂದಲೇ. ಕತ್ತರಿಸುವ ಕೆಲಸವನ್ನು ಪುಟದ ವಿನ್ಯಾಸ ನೋಡುವ ಸಿಎಸ್‌ಎಸ್‌ಗೆ ಬಿಡಿ.

ಲಕ್ಷಣ: ಒತ್ತಕ್ಷರದ ಕೆಳಭಾಗ ಮಾಯ

‘ರಾಷ್ಟ್ರ’ ಎಂಬ ಪದವನ್ನು ಎಲ್ಲ ಬಟನ್ನು, ಪೆಟ್ಟಿಗೆ, ಶೀರ್ಷಿಕೆಗಳಲ್ಲಿ ಹಾಕಿ ನೋಡಿ. ಷಕಾರಕ್ಕೆ ಎರಡು ಒತ್ತು ಇರುವುದರಿಂದ ಜಾಗದ ಕೊರತೆ ತಕ್ಷಣ ಕಾಣುತ್ತದೆ. ಎಲಿಮೆಂಟ್ಸ್ ಟ್ಯಾಬಿನಲ್ಲಿ ‘ಓವರ್‌ಫ್ಲೋ: ಹಿಡನ್’ ಮುಂದಿನ ಗುರುತು ತೆಗೆಯಿರಿ. ಒತ್ತು ಮರಳಿ ಬಂದರೆ ಫಾಂಟಿನ ತಪ್ಪಿಲ್ಲ, ಎತ್ತರ ಸಾಲದು. ‘ಲೈನ್-ಹೈಟ್’ 1.2 ಇರುವುದನ್ನು 1.6 ಅಥವಾ ಹೆಚ್ಚಿಗೆ ಏರಿಸಿ. ನಿಗದಿತ ಎತ್ತರ ತೆಗೆದು ಕನಿಷ್ಠ ಎತ್ತರ ಮತ್ತು ಪ್ಯಾಡಿಂಗ್ ಕೊಡಿ. ‘ಲೆಟರ್-ಸ್ಪೇಸಿಂಗ್’ ಹಾಕಿದ್ದರೆ ಕನ್ನಡಕ್ಕೆ ಅದನ್ನು ಸೊನ್ನೆ ಮಾಡಿ.

ಒತ್ತು ಕತ್ತರಿಸದೆ, ‘ಕ್‌ಷ’ ಎಂಬಂತೆ ಬಿಡಿಬಿಡಿಯಾಗಿ ನಿಂತರೆ ಬೇರೆ ರೋಗ. ಫಾಂಟನ್ನು ಚಿಕ್ಕದು ಮಾಡುವಾಗ ಅಕ್ಷರ ಕೂಡಿಸುವ ಕೋಷ್ಟಕವೂ ಕಿತ್ತುಹೋಗಿರಬಹುದು. ಒಂದೊಂದು ಸಂಕೇತವನ್ನೂ ಬೇರೆ ಟ್ಯಾಗಿನಲ್ಲಿಟ್ಟು ಕುಣಿಸುವ ಅನಿಮೇಷನ್ ಕೂಡ ಹೀಗೇ ಮಾಡುತ್ತದೆ, ಅಲ್ಲಿ ಸ್ವರಚಿಹ್ನೆಯ ಜೊತೆ ಚುಕ್ಕಿಗಳ ವೃತ್ತವೂ ಕಾಣುತ್ತದೆ. ತೆರೆಯ ಮೇಲೆ ಸರಿ, ಪಿಡಿಎಫ್‌ನಲ್ಲಿ ಮಾತ್ರ ಹೀಗೆ ಎಂದರೆ ಪಿಡಿಎಫ್ ಲೈಬ್ರರಿಗೆ ಕನ್ನಡ ಜೋಡಿಸಲು ಬರುವುದಿಲ್ಲ. ಸುಲಭ ದಾರಿ ಎಂದರೆ ಬ್ರೌಸರಿನ ಪ್ರಿಂಟ್ ಮೂಲಕವೇ ಪಿಡಿಎಫ್ ತೆಗೆಯುವುದು.

ಲಕ್ಷಣ: ಕನ್ನಡದ ಜಾಗದಲ್ಲಿ ಬೇರೇನೋ

ಏನು ಕಾಣುತ್ತದೆ ಎಂಬುದರಲ್ಲೇ ಉತ್ತರವಿದೆ. ಖಾಲಿ ಚೌಕಗಳಾದರೆ ಫಾಂಟ್ ಇಲ್ಲ, ಮಾಹಿತಿ ಸುರಕ್ಷಿತ. ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ಆ್ಯಪ್ ಜೊತೆಗೇ ಕೊಟ್ಟರೆ ಮುಗಿಯಿತು. ಮೇಲೆ ಓರೆಗೆರೆ ಇರುವ ಲ್ಯಾಟಿನ್ ‘ಎ’ ಮತ್ತೆ ಮತ್ತೆ ಬರುತ್ತಿದ್ದರೆ ಯುಟಿಎಫ್-8 ಬರಹವನ್ನು ಯಾರೋ ಲ್ಯಾಟಿನ್ ಎಂದು ಓದಿದ್ದಾರೆ. ಚಾರ್‌ಸೆಟ್ ಹೆಡರ್ (ಬರಹ ಯಾವ ಪದ್ಧತಿಯದು ಎಂಬ ಸೂಚನೆ) ಸರಿಮಾಡಿದರೆ ಬಹುಪಾಲು ಮರಳುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಕಲಸುಮೇಲೋಗರವಾದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನ ಪಠ್ಯವನ್ನು ಯಾರೋ ನಕಲಿಸಿ ಅಂಟಿಸಿದ್ದಾರೆ. ಪರಿವರ್ತಕದಲ್ಲಿ ಹಾಕಿ, ಒಬ್ಬರು ಕೂತು ಓದಿ ತಿದ್ದಬೇಕು.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಎಲ್ಲ ಕೆಲಸ ನಿಲ್ಲಿಸಿ. ಡೇಟಾಬೇಸಿನಲ್ಲೇ ನೇರವಾಗಿ ನೋಡಿ. ಅಲ್ಲೂ ಪ್ರಶ್ನಾರ್ಥಕವೇ ಇದ್ದರೆ ಮೂಲ ಅಕ್ಷರ ಹೋಗಿದೆ, ಯಾವ ಹೆಡರ್ ಬದಲಿಸಿದರೂ ಬರುವುದಿಲ್ಲ. ಹೊಸ ದಾಖಲೆ ಸೇರುವುದನ್ನು ತಡೆದು, ಬ್ಯಾಕಪ್ ಎಲ್ಲಿಯವರೆಗಿದೆ ಎಂದು ಡೇಟಾಬೇಸ್ ಬಲ್ಲವರನ್ನು ಆ ದಿನವೇ ಕೇಳಿ.

ಲಕ್ಷಣ: ಕಣ್ಣಿಗೆ ಕಾಣುವ ಹೆಸರು ಹುಡುಕಾಟದಲ್ಲಿ ಸಿಗುವುದಿಲ್ಲ

ಪಟ್ಟಿಯಲ್ಲಿ ‘ಕೊಡಗು’ ಇದೆ, ‘ಕೊಡಗು’ ಎಂದೇ ಹುಡುಕಿದರೂ ಸೊನ್ನೆ. ಓತ್ವವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಏತ್ವ ಮತ್ತು ಕೊಂಬಿನ ಇಳಿ ಎಂಬ ಎರಡು ಸಂಕೇತಗಳಾಗಿ. ತೆರೆಯ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣದು. ಕನ್ಸೋಲಿನಲ್ಲಿ ಎರಡೂ ಪದದ ‘ಲೆಂತ್’ ಕೇಳಿ. ಒಂದು 5, ಇನ್ನೊಂದು 6 ಬಂದರೆ ಇದೇ ದೋಷ. ಉಳಿಸುವಾಗಲೂ ಹುಡುಕುವಾಗಲೂ ‘ನಾರ್ಮಲೈಸ್’ ಮಾಡಿ, ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತನ್ನಿ. ಶೂನ್ಯ ಅಗಲದ ಚಿಹ್ನೆಗಳನ್ನು ಹುಡುಕಾಟದ ಕೀಲಿಯಿಂದ ಮಾತ್ರ ತೆಗೆಯಿರಿ. ಮೂಲ ಪಠ್ಯದಿಂದ ತೆಗೆದರೆ ‘ಸಾಫ್ಟ್‌ವೇರ್’ನಲ್ಲಿ ಟಕಾರಕ್ಕೆ ವಕಾರ ಒತ್ತಾಗಿ ಅಂಟಿಕೊಳ್ಳುತ್ತದೆ.

ಟೈಪ್ ಮಾಡುತ್ತಿದ್ದಂತೆ ಸರಿಯಾದ ಫಲಿತಾಂಶ ಬಂದು, ಮರುಕ್ಷಣ ಹಳೆಯದು ಬಂದು ಕೂತರೆ ಅದು ಬೇರೆ ಸಂಗತಿ. ‘ಮೈ’ಗೆ ಕಳಿಸಿದ ಬೇಡಿಕೆಯ ಉತ್ತರ ‘ಮೈಸೂರು’ ಉತ್ತರದ ನಂತರ ತಡವಾಗಿ ಬಂದಿದೆ. ಹೊಸ ಬೇಡಿಕೆ ಕಳಿಸುವಾಗ ಹಳೆಯದನ್ನು ಅಬಾರ್ಟ್ ಕಂಟ್ರೋಲರಿನಿಂದ ರದ್ದು ಮಾಡಿ, ಬೆರಳು ನಿಂತ ಮೇಲೆ 250ರಿಂದ 300 ಮಿಲಿಸೆಕೆಂಡ್ ಕಾದು ಕಳಿಸಿ.

ಲಕ್ಷಣ: ತಡವರಿಸುತ್ತದೆ, ಬರಬರುತ್ತ ನಿಧಾನ

ಒತ್ತಿದ್ದಕ್ಕೆ ತೆರೆ 200 ಮಿಲಿಸೆಕೆಂಡಿನೊಳಗೆ ಓಗೊಟ್ಟರೆ ಒಳ್ಳೆಯದು. ಇದನ್ನು ಅಳೆಯುವ ಐಎನ್‌ಪಿ ಮಾನ 2024ರ ಮಾರ್ಚ್‌ನಿಂದ ಗೂಗಲ್‌ನ ಕೋರ್ ವೆಬ್ ವೈಟಲ್ಸ್ (ಪುಟದ ಅನುಭವ ಅಳೆಯುವ ಮಾನಗಳು) ಪಟ್ಟಿಯಲ್ಲಿದೆ. ಸ್ಕ್ರಾಲ್ ನುಣುಪಾಗಿರಲು 60 ಹರ್ಟ್ಸ್ ತೆರೆಯಲ್ಲಿ ಒಂದು ಚೌಕಟ್ಟಿಗೆ ಸಿಗುವುದು 16.7 ಮಿಲಿಸೆಕೆಂಡ್ ಮಾತ್ರ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಳೆಯಬೇಡಿ. ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಸಿಪಿಯು ವೇಗ 4 ಪಟ್ಟು ಇಳಿಸಿ, ಅಥವಾ ಅಗ್ಗದ ಫೋನನ್ನು ಕೇಬಲಿನಿಂದ ಜೋಡಿಸಿ ಅಳೆಯಿರಿ. 50 ಮಿಲಿಸೆಕೆಂಡ್ ಮೀರಿದ ಕೆಲಸಕ್ಕೆ ಕೆಂಪು ಗುರುತು ಬಿದ್ದಿರುತ್ತದೆ, ಅದರಲ್ಲಿ ಅತಿ ಉದ್ದದ್ದನ್ನು ಮೊದಲು ಹಿಡಿಯಿರಿ. ಪಟ್ಟಿಯಲ್ಲಿ ಸಾವಿರಾರು ಸಾಲಿದ್ದರೆ ಕಾಣುವಷ್ಟನ್ನೇ ಚಿತ್ರಿಸಿ. ಲೂಪಿನೊಳಗೆ ಎತ್ತರ ಓದಿ, ಬರೆದು, ಮತ್ತೆ ಓದುವ ಕೋಡಿದ್ದರೆ ಎಲ್ಲ ಓದುಗಳನ್ನು ಮೊದಲು ಮುಗಿಸಿ, ಬರೆಯುವುದನ್ನು ಆಮೇಲಿಡಿ.

ಬೆಳಿಗ್ಗೆ ಚುರುಕು, ಸಂಜೆಗೆ ಮಂದ ಎಂದರೆ ಮೆಮೊರಿ ಸೋರುತ್ತಿದೆ. ಒಂದು ಪುಟಕ್ಕೆ ಹೋಗಿ ಮರಳುವುದನ್ನು 5 ಸಲ ಮಾಡಿ, ಹೀಪ್ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಮೆಮೊರಿಯ ಚಿತ್ರಣ) ತೆಗೆಯಿರಿ. ಮತ್ತೆ 5 ಸಲ, ಮತ್ತೊಂದು. ಎರಡನ್ನೂ ಹೋಲಿಸಿದಾಗ ‘ಡಿಟ್ಯಾಚ್ಡ್’ ನೋಡ್‌ಗಳು (ಪುಟದಿಂದ ಕಳಚಿದ ಭಾಗಗಳು) ಏರುತ್ತಿದ್ದರೆ ಪುಟ ಬಿಟ್ಟ ಮೇಲೂ ಯಾವುದೋ ಟೈಮರ್ ಅಥವಾ ಈವೆಂಟ್ ಲಿಸನರ್ ಅವನ್ನು ಹಿಡಿದುಕೊಂಡಿದೆ. ಕಾಂಪೊನೆಂಟ್ ಹೊರಡುವಾಗ ಟೈಮರ್, ಲಿಸನರ್ ಎರಡನ್ನೂ ಬಿಡಿಸಿ.

ಲಕ್ಷಣ: ಒಂದು ಸಲ ಒತ್ತಿದರೆ ಎರಡು ಅರ್ಜಿ

ಬಟನ್ ಒತ್ತಿದ ಮೇಲೆ ತೆರೆಯಲ್ಲಿ ಏನೂ ಬದಲಾಗದಿದ್ದರೆ ಯಾರಾದರೂ ಮತ್ತೊಮ್ಮೆ ಒತ್ತುತ್ತಾರೆ. ಮೊದಲ ಒತ್ತಿಗೇ ಬಟನ್ ನಿಷ್ಕ್ರಿಯ ಮಾಡಿ “ಸಲ್ಲಿಸುತ್ತಿದೆ” ಎಂದು ತೋರಿಸಿ. ಇದು ಅರ್ಧ ಪರಿಹಾರ ಮಾತ್ರ, ನೆಟ್‌ವರ್ಕ್ ಕಡಿದು ಬೇಡಿಕೆ ಮರುಕಳಿಸಿದಾಗ ಬಟನ್ ಏನೂ ಮಾಡಲಾರದು. ಪ್ರತಿ ಸಲ್ಲಿಕೆಗೂ ಒಂದು ವಿಶಿಷ್ಟ ಗುರುತು ಹುಟ್ಟಿಸಿ ಜೊತೆಗೆ ಕಳಿಸಿ, ಅದೇ ಗುರುತು ಎರಡನೇ ಸಲ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡಲಿ. ಹಣ ಎರಡು ಸಲ ಕಡಿತವಾಗಿದ್ದರೆ ಪರೀಕ್ಷೆಗೆ ಇಳಿಯದೆ ಪಾವತಿ ಬಟನ್ನನ್ನೇ ತಾತ್ಕಾಲಿಕವಾಗಿ ಮುಚ್ಚಿ, ಪಾವತಿ ವ್ಯವಸ್ಥೆ ಒದಗಿಸುವವರಿಗೆ ವ್ಯವಹಾರದ ಸಂಖ್ಯೆ ಸಮೇತ ತಿಳಿಸಿ.

ಲಕ್ಷಣ: ‘ಪ್ಲಗಿನ್ ಬೆಂಬಲವಿಲ್ಲ’ ಎಂಬ ಬೂದು ಪೆಟ್ಟಿಗೆ

ಹಳೆಯ ತರಬೇತಿ ಪಾಠ, ಕಚೇರಿಯ ಆಂತರಿಕ ಆ್ಯಪ್‌ಗಳಲ್ಲಿ ಇದು ಈಗಲೂ ಕಾಣುತ್ತದೆ. ಫ್ಲ್ಯಾಶ್ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. 2021ರ ಜನವರಿ 12ರಿಂದ ಪ್ಲೇಯರ್ ತಾನೇ ಓಡಲು ನಿರಾಕರಿಸುತ್ತದೆ. ಅಂಥದೇ ಮೈಕ್ರೋಸಾಫ್ಟ್ ಪ್ಲಗಿನ್ ಆದ ಸಿಲ್ವರ್‌ಲೈಟ್ ಬೆಂಬಲ 2021ರ ಅಕ್ಟೋಬರಿನಲ್ಲಿ ನಿಂತಿತು. ಸೆಟ್ಟಿಂಗ್ ಬದಲಿಸಿ ಸರಿಮಾಡುವ ದಾರಿ ಇಲ್ಲ. ಅಂತರ್ಜಾಲದಲ್ಲಿ ಸಿಗುವ ‘ಫ್ಲ್ಯಾಶ್ ಪ್ಲೇಯರ್’ ಇನ್‌ಸ್ಟಾಲರ್‌ಗಳನ್ನು ಹಾಕಲೇಬೇಡಿ, ಭದ್ರತೆಯ ತಿದ್ದುಪಡಿ ಅವಕ್ಕೆ ಬರುವುದಿಲ್ಲ. ಸರಳ ಅನಿಮೇಷನ್ ಆದರೆ ರಫಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಓಡಬಹುದು. ಫಾರ್ಮು, ಡೇಟಾಬೇಸ್ ಇರುವ ಆ್ಯಪ್ ಆದರೆ ಹೊಸದಾಗಿ ಬರೆಯಬೇಕು.

ನೆರವು ಕೇಳುವಾಗ

“ವರ್ಕ್ ಆಗ್ತಿಲ್ಲ” ಎಂದು ಬರೆದರೆ ನೋಡುವವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಬದಲಿಗೆ ಇಷ್ಟನ್ನು ಬರೆಯಿರಿ: ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು. ಬ್ರೌಸರ್ ಮತ್ತು ಅದರ ಆವೃತ್ತಿ. ಫೋನಾದರೆ ಮಾದರಿ ಮತ್ತು ಕೀಬೋರ್ಡಿನ ಹೆಸರು. ಆದ ಸಮಯ ನಿಮಿಷದ ಲೆಕ್ಕದಲ್ಲಿ. ಕನ್ಸೋಲಿನ ಮೊದಲ ಕೆಂಪು ಸಾಲು ಚಿತ್ರವಾಗಿ ಅಲ್ಲದೆ ಪಠ್ಯವಾಗಿ. ಕನ್ನಡ ಕೆಟ್ಟು ಕಂಡ ದೋಷವಾದರೆ ಮಾತ್ರ ಪಠ್ಯ ಮತ್ತು ತೆರೆಚಿತ್ರ ಎರಡನ್ನೂ ಕಳಿಸಿ: ನಕಲಿಸಿ ಅಂಟಿಸಿದ ಪಠ್ಯ ನೋಡುವವರ ಯಂತ್ರದಲ್ಲಿ ಸರಿಯಾಗಿಯೇ ಕಾಣಬಹುದು.